ಹೋಲ್ಡ್ ಎಂದರೆ ಕೊಡಬೇಡಿ

ನನಗೆ ಮೂವತ್ತನಾಲ್ಕು ವರ್ಷ. ಹೋದ ಡಿಸೆಂಬರಿನಲ್ಲಿ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಆದರೆ ಹನ್ನೊಂದು ವರ್ಷ ಮಾಡಿದ ಕೆಲಸವನ್ನು ಇನ್ನು ಮಾಡುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟ ಮೇಲೆ ಅದಕ್ಕೆ ಬೇರೆ ಹೆಸರು ನನಗೆ ಸಿಗಲಿಲ್ಲ. ನನ್ನ ಕೆಲಸ ಇಂಗ್ಲಿಷ್ ಮಾತಾಡುವುದನ್ನು ಕಲಿಸುವುದು. ಸೋಮವಾರ ಮತ್ತು ಶುಕ್ರವಾರ ಹಾಸನ, ಮಂಗಳವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ. ನಾಲ್ಕು ಊರಿನಲ್ಲೂ ಬಾಡಿಗೆ ಕೋಣೆ, ಒಂದು ಬೋರ್ಡು, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ.

ಮೊದಲ ದಿನದಿಂದಲೂ ನಾನು ದಿನಚರಿ ಇಟ್ಟಿದ್ದೇನೆ. ಒಟ್ಟು ಇಪ್ಪತ್ತಮೂರು ನೋಟುಪುಸ್ತಕ. ಎಡಪುಟದಲ್ಲಿ ತಾರೀಕು, ಊರು, ಬಂದವರ ಸಂಖ್ಯೆ. ಬಲಪುಟದಲ್ಲಿ ಆ ದಿನ ಯಾರು ಯಾವ ಪದವನ್ನು ಎಷ್ಟು ಸಲ ತಪ್ಪಾಗಿ ಉಚ್ಚರಿಸಿದರು ಎಂಬುದಕ್ಕೆ ಗೀಟು. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ. ಈ ಗೀಟುಗಳ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಆ ನಂಬಿಕೆಯಿಂದಲೇ ಒಬ್ಬಳ ಮೂರು ಅವಕಾಶಗಳಲ್ಲಿ ಒಂದನ್ನು ನಾನು ಹಾಳುಮಾಡಿದೆ. ಅವಳ ಹೆಸರು ಸುನಂದಾ. ಈ ಕೆಲಸಕ್ಕೆ ಹೊಸದಾಗಿ ಬರುವವರು ಉಳಿದದ್ದನ್ನೆಲ್ಲ ಮರೆತರೂ ಅವಳ ವಿಷಯವನ್ನು ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನನ್ನ ಮೇಲಿನವರ ಬಗ್ಗೆ ಹೇಳಬೇಕು. ನಮ್ಮ ಸಂಸ್ಥೆಯ ಮುಖ್ಯಸ್ಥರು ಶ್ರೀಕಂಠಯ್ಯನವರು, ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿ ನಿವೃತ್ತರಾದವರು. ಅವರಿಗೆ ಇಡಿಯಮ್ ಎಂದರೆ ಪ್ರಾಣ. ತಾವೇ ಕೂಡಿಸಿದ ಮುನ್ನೂರು ನುಡಿಗಟ್ಟುಗಳ ಪುಸ್ತಿಕೆಯನ್ನು ಅಚ್ಚು ಹಾಕಿಸಿದ್ದರು. ವಾರಕ್ಕೆ ಹತ್ತು ಬಾಯಿಪಾಠ ಮಾಡಿಸಬೇಕು, ಮುಂದಿನ ವಾರ ಒಪ್ಪಿಸಬೇಕು. ಎದುರು ಕನ್ನಡದಲ್ಲಿ ಅರ್ಥ ಇರುತ್ತಿತ್ತು, ಆದರೆ ಅದನ್ನು ಎಲ್ಲಿ ಆಡಬೇಕು, ಯಾರ ಹತ್ತಿರ ಆಡಬಾರದು ಎಂಬುದು ಇರುತ್ತಿರಲಿಲ್ಲ.

ಅದರ ಫಲ ಹೊಳೆನರಸೀಪುರದಲ್ಲಿ ಕಂಡಿತು. ಅಲ್ಲಿ ಒಬ್ಬ ಶಿಕ್ಷಕಿ ಕಲಿಯಲು ಬರುತ್ತಿದ್ದರು. ಖಾಸಗಿ ಶಾಲೆ, ರಜಾ ಅರ್ಜಿಯೂ ಇಂಗ್ಲಿಷಿನಲ್ಲೇ ಇರಬೇಕು. ಅವರಿಗೆ ನೆಗಡಿಯಾಗಿತ್ತು, ಕಾಲು ತಣ್ಣಗೆ ಕೊರೆಯುತ್ತಿತ್ತು. ‘ಕೋಲ್ಡ್ ಫೀಟ್’ ಪುಸ್ತಿಕೆಯಲ್ಲಿ ಇದೆ ಎಂಬುದಷ್ಟೇ ನೆನಪಿತ್ತು, ಅರ್ಥ ಮರೆತಿತ್ತು. ಹಾಗೆಯೇ ಬರೆದುಕೊಟ್ಟರು. ಕೊನೆಯ ಗಳಿಗೆಯಲ್ಲಿ ಹೆದರಿ ಹಿಂಜರಿಯುವುದಕ್ಕೆ ಹಾಗೆನ್ನುತ್ತಾರೆಂದು ಮುಖ್ಯೋಪಾಧ್ಯಾಯರಿಗೆ ಗೊತ್ತಿತ್ತು. ಮಾರನೆಯ ದಿನ ಶಾಲಾ ತಪಾಸಣೆ ಬೇರೆ ಇತ್ತು. ಕರೆದು, ಧೈರ್ಯವಾಗಿರಮ್ಮ, ತಪಾಸಣೆಗೆಲ್ಲ ಯಾರಾದರೂ ಹೆದರುತ್ತಾರೆಯೇ ಎಂದು ಸಮಾಧಾನ ಹೇಳಿ ರಜೆ ಕೊಡಲಿಲ್ಲವಂತೆ. ಸೀನುತ್ತಲೇ ಬಂದು ಇದನ್ನು ಹೇಳಿದರು. ಆ ದಿನ ಬಂದಿದ್ದ ಹದಿನಾಲ್ಕು ಜನರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪುಸ್ತಿಕೆ ತೆಗೆದು ನೋಡಿದರೆ ಆ ಪುಟಕ್ಕೆ ಸರಿ ಗುರುತು ಹಾಕಿ ಒಪ್ಪಿಸಿಕೊಂಡಿದ್ದವಳು ನಾನೇ.

ನನ್ನ ಸ್ವಂತ ತಪ್ಪನ್ನು ತೋರಿಸಿಕೊಟ್ಟವರು ಅರಕಲಗೂಡಿನ ಬೋರೇಗೌಡರು. ಐವತ್ತು ದಾಟಿದವರು, ಕೊಲ್ಲಿ ದೇಶದಲ್ಲಿ ನಲ್ಲಿ, ಪೈಪು ಕೆಲಸ ಮಾಡಿ ಬಂದವರು. ಮತ್ತೆ ಹೋಗುವ ಯೋಚನೆಯಿತ್ತು, ಅದಕ್ಕೆ ತರಗತಿಗೆ ಸೇರಿದ್ದರು. ನಾನು ಅವರ ವೃತ್ತಿಯನ್ನು ಬೋರ್ಡಿನ ಮೇಲೆ ಬರೆದು, ಎಲ್ಲರಿಂದಲೂ ‘ಪ್ಲಂಬರ್’ ಎಂದು ಮೂರು ಸಲ ಹೇಳಿಸಿದೆ. ಅವರು ಬಾಯಿ ತೆರೆಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಕುರ್ಚಿಯಿಂದ ಅರ್ಧ ಎದ್ದರು.

“ತಪ್ ತಿಳ್ಕಬ್ಯಾಡ ಕಣಮ್ಮ. ಅದು ಪ್ಲಮರ್ರು. ಒಂಬತ್ ವರ್ಸ ಎಲ್ರೂ ನನ್ನ ಅಂಗೇ ಕೂಗವ್ರೆ. ಆ ಬಿ ಐತಲ್ಲ, ಅದು ಸುಮ್ಕೆ ಬಂದು ಕೂತ್ಕತದೆ, ಮಾತಾಡಾಕಿಲ್ಲ.”

ಎರಡು ವರ್ಷದಿಂದ ನಾಲ್ಕು ಊರಿನಲ್ಲೂ ನಾನು ಆ ಬಿ ಅಕ್ಷರವನ್ನು ಮಾತಾಡಿಸುತ್ತಿದ್ದೆ. ಆ ರಾತ್ರಿಯೇ ನಿಘಂಟು ಹಿಡಿದು ಕೂತೆ. ನಾನು ಕಲಿಸಿದ ಪದಗಳಲ್ಲಿ ಹನ್ನೊಂದು ತಪ್ಪು ಸಿಕ್ಕಿದವು. ರಸೀದಿ ಎಂಬ ಅರ್ಥದ ಪದದಲ್ಲಿ ಪಿ ಮಾತಾಡುವುದಿಲ್ಲ, ಸಾಲ್ಮನ್ ಮೀನಿನಲ್ಲಿ ಎಲ್ ಮಾತಾಡುವುದಿಲ್ಲ. ಮುಂದಿನ ವಾರ ನಾಲ್ಕೂ ಕೋಣೆಯಲ್ಲಿ ಹನ್ನೊಂದು ಪದ ಬರೆದು, ಇವು ನನ್ನ ತಪ್ಪುಗಳು ಎಂದು ಹೇಳಿದೆ. ಹೊಸಬರಿಗೆ ಒಂದು ಮಾತು: ಹೀಗೆ ಹೇಳಿದರೆ ಮರ್ಯಾದೆ ಹೋಗುವುದಿಲ್ಲ. ಬೋರೇಗೌಡರು ಮಾರನೆಯ ವಾರ ಮನೆಯ ಹಲಸಿನ ಹಣ್ಣು ತಂದುಕೊಟ್ಟರು.

ಇನ್ನು ‘ಹ’ ಅಕ್ಷರ. ನಮ್ಮ ಕಡೆ ಇಂಗ್ಲಿಷ್ ಕಲಿಸುವವರಿಗೆ ಇದರಷ್ಟು ದೊಡ್ಡ ತಲೆನೋವು ಬೇರೆ ಇಲ್ಲ. ನಾನು ಕಟ್ಟಾಯದವಳು, ನಮ್ಮ ಮನೆಯಲ್ಲೂ ಅದು ಇರಲಿಲ್ಲ. ಶಾಲೆಯ ಹಾಜರಿಯಲ್ಲಿ ನಾನು ಹೇಮಾ, ಮನೆಯಲ್ಲಿ ಏಮಾ. ಹಾಸನಕ್ಕೆ ಹೋಗುವುದಿದ್ದರೆ ಅಮ್ಮ ಹೇಳುವುದು ‘ಆಸನಕ್ಕೋಗ್ಬೇಕು’ ಎಂದೇ. ಕನ್ನಡದಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಹಾರ್ಟ್ ಆರ್ಟ್ ಆಗಿ ಹೃದಯ ಕಲೆಯಾಗುತ್ತದೆ, ಹೇರ್ ಏರ್ ಆಗಿ ಕೂದಲು ಗಾಳಿಯಾಗುತ್ತದೆ, ಹೀಟ್ ಈಟ್ ಆಗಿ ಬಿಸಿ ತಿನ್ನುವುದಾಗುತ್ತದೆ. ನಾನು ಇದನ್ನು ಹದಿನೆಂಟನೇ ವಯಸ್ಸಿನಲ್ಲಿ ಹಟ ಹಿಡಿದು ತಿದ್ದಿಕೊಂಡವಳು. ಹಾಗಾಗಿ ಬೇರೆಯವರ ಬಾಯಲ್ಲಿ ಅದು ಜಾರಿದರೆ ನನ್ನ ಪೆನ್ನು ತಾನಾಗಿ ಗೀಟು ಎಳೆಯುತ್ತಿತ್ತು.

ಸುನಂದಾ ಬಂದದ್ದು ಹೋದ ವರ್ಷ, ಜೂನಿನ ಎರಡನೇ ಗುರುವಾರ, ಚನ್ನರಾಯಪಟ್ಟಣದ ಕೋಣೆಗೆ. ಇಪ್ಪತ್ತೇಳು ವರ್ಷ, ದಂಡಿಗನಹಳ್ಳಿಯವಳು, ಪಟ್ಟಣದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನರ್ಸು. ಆ ನರ್ಸಿಂಗ್ ಹೋಮಿನವರು ಒಳರೋಗಿಗಳ ವಾರ್ಡನ್ನು ವರ್ಷದ ಕೊನೆಗೆ ಮುಚ್ಚುವವರಿದ್ದರು. ಆಮೇಲೆ ಇವಳಿಗೆ ಬಾಗಿಲ ಬಳಿ ಕೂತು ಚೀಟಿ ಬರೆಯುವ ಕೆಲಸ ಎಂದು ಹೇಳಿಬಿಟ್ಟಿದ್ದರು. ಅವಳಿಗೆ ವಾರ್ಡೇ ಬೇಕು. ಹಾಸನದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜಾಗವಿತ್ತು, ಕೆಲಸದ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಉಳಿದದ್ದು ಇಂಗ್ಲಿಷಿನಲ್ಲಿ ಹತ್ತು ನಿಮಿಷದ ಫೋನ್ ಪರೀಕ್ಷೆ. ಒಂದು ಕೋಣೆಯಲ್ಲಿ ನರ್ಸು, ಇನ್ನೊಂದರಲ್ಲಿ ವೈದ್ಯರು. ರೋಗಿಯ ಸ್ಥಿತಿಯನ್ನು ಫೋನಿನಲ್ಲಿ ಒಪ್ಪಿಸಬೇಕು. ಒಬ್ಬರಿಗೆ ಮೂರು ಅವಕಾಶ, ನಾಲ್ಕನೆಯದಿಲ್ಲ.

ಮೊದಲನೆಯದು ಆಗಲೇ ಕೈತಪ್ಪಿತ್ತು. ಕಾರಣ ಒಂದೇ ಒಂದು ಪದ. ಆಸ್ಪತ್ರೆಯಲ್ಲಿ ಮಾತ್ರೆಯನ್ನು ಹೋಲ್ಡ್ ಮಾಡಿ ಎಂದರೆ ಕೈಯಲ್ಲಿ ಹಿಡಿದುಕೊಳ್ಳಿ ಎಂದಲ್ಲ; ಸದ್ಯಕ್ಕೆ ಕೊಡಬೇಡಿ, ತಡೆಹಿಡಿಯಿರಿ ಎಂದು. ಇದು ಸುನಂದಾಳಿಗೆ ಚೆನ್ನಾಗಿ ಗೊತ್ತು. ರೋಗಿಯ ರಕ್ತದೊತ್ತಡ ಇಳಿದಿದೆ, ಮಾತ್ರೆ ಕೊಟ್ಟಿಲ್ಲ ಎಂದು ಹೇಳಬೇಕಾದಲ್ಲಿ ಅವಳು ‘ಟ್ಯಾಬ್ಲೆಟ್ ಓಲ್ಡ್ ಸರ್’ ಎಂದಳು. ಆ ಕಡೆಯ ವೈದ್ಯರು ಹಳೆಯ ಮಾತ್ರೆಯೇ, ಅವಧಿ ಮುಗಿದದ್ದೇ, ಅದನ್ನೇಕೆ ಕೊಟ್ಟಿರಿ ಎಂದು ಕೇಳಿದರು. ಇವಳು ಮತ್ತೆ ‘ಓಲ್ಡ್ ಸರ್, ಓಲ್ಡ್’ ಎಂದಳು. ಅಲ್ಲಿಗೆ ಮುಗಿಯಿತು.

“ಗೊತ್ತಿಲ್ದೆ ಫೇಲಾಗಿದ್ರೆ ಬ್ಯಾಸ್ರ ಇರ್ಲಿಲ್ಲ ಮೇಡಂ. ಎಲ್ಲ ಗೊತ್ತು. ಬಾಯಿ ತಾವ ಬಂದು ಕಳ್ದೋಯ್ತದೆ,” ಎಂದಳು.

ನನಗೆ ಇದು ನನ್ನದೇ ಕೆಲಸ ಎನ್ನಿಸಿತು. ಅಂಗೈಯನ್ನು ಬಾಯಿಯ ಮುಂದೆ ಹಿಡಿ, ಉಸಿರು ತಾಗಬೇಕು. ತಾಗಿದರೆ ‘ಹ’ ಇದೆ, ತಾಗದಿದ್ದರೆ ಇಲ್ಲ. ಆರು ವಾರ ಇದನ್ನೇ ಮಾಡಿಸಿದೆ. ಅಂಗೈ ಬಿಟ್ಟು ಕಾಗದದ ಚೂರು, ಕಾಗದ ಬಿಟ್ಟು ಕನ್ನಡಿ. ವಾರ್ಡಿನಲ್ಲಿ ಬಿಡುವಿದ್ದಾಗಲೂ ಅವಳು ಅಂಗೈ ಹಿಡಿದು ಊದುತ್ತಿದ್ದಳಂತೆ. ಜೊತೆಯ ನರ್ಸುಗಳು, ಬಿಸಿ ಕಾಫಿ ಎಲ್ಲೇ ಸುನಂದಾ, ಆರಿಸ್ತಾ ಇದ್ದೀಯಲ್ಲ ಎಂದು ರೇಗಿಸುತ್ತಿದ್ದರು. ದಿನಚರಿಯಲ್ಲಿ ಲೆಕ್ಕ ಹೀಗಿದೆ: ಮೊದಲ ವಾರ ನಲವತ್ತೊಂದು ಗೀಟು, ಮೂರನೇ ವಾರ ಹತ್ತೊಂಬತ್ತು, ಆರನೇ ವಾರ ಎರಡು. ಎರಡು ಎಂಬುದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಹಾಕಿದ್ದೇನೆ. ಅದನ್ನು ಹಿಡಿದುಕೊಂಡು ಹೋಗಿ ಶ್ರೀಕಂಠಯ್ಯನವರಿಗೂ ತೋರಿಸಿದ್ದೆ.

ಎರಡನೇ ಪರೀಕ್ಷೆಯಲ್ಲಿ ಅವಳು ಹೋಲ್ಡ್ ಎಂದೇ ಹೇಳಿದಳು. ಅದರ ಜೊತೆಗೆ ಎಮರ್ಜೆನ್ಸಿಯನ್ನು ಹೆಮರ್ಜೆನ್ಸಿ ಎಂದಳು, ಆಕ್ಸಿಜನ್ನನ್ನು ಹಾಕ್ಸಿಜನ್ ಎಂದಳು, ಇಂಜೆಕ್ಷನ್ನನ್ನು ಹಿಂಜೆಕ್ಷನ್ ಎಂದಳು. ಸ್ವರದಿಂದ ಶುರುವಾಗುವ ಪದವೆಲ್ಲಕ್ಕೂ ಉಸಿರು ತುಂಬಿತ್ತು. ವೈದ್ಯರು ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಾಗ ನಾನು ಕಲಿಸಿದಂತೆ ಇನ್ನೂ ಜೋರಾಗಿ ಉಸಿರು ಬಿಟ್ಟು ಅದನ್ನೇ ಹೇಳಿದಳು. ಉಸಿರಿನ ಕಡೆಗೇ ಗಮನವಿದ್ದುದರಿಂದ ರಕ್ತದೊತ್ತಡದ ಅಂಕಿಯನ್ನೇ ಬಿಟ್ಟುಬಿಟ್ಟಿದ್ದಳು. ಅನುತ್ತೀರ್ಣ.

ಇಲ್ಲದ ಕಡೆ ಹಾಕಿದ ‘ಹ’ಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಆರು ವಾರವೂ ಅವಳು ನನ್ನ ಎದುರೇ ಹಾಗೆ ಹೇಳಿರಬೇಕು. ನಾನು ಕಳೆದುಹೋದದ್ದನ್ನು ಮಾತ್ರ ಎಣಿಸುತ್ತ ಕೂತಿದ್ದೆ.

ಶುಕ್ರವಾರ ಹಾಸನದ ಕಚೇರಿಯಲ್ಲಿ ಶ್ರೀಕಂಠಯ್ಯನವರಿಗೆ ಇದನ್ನು ತಿಳಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನೋಟುಪುಸ್ತಕ ಕೇಳಿ ಪಡೆದು, ಕನ್ನಡಕ ಏರಿಸಿ, ನಿಧಾನವಾಗಿ ಪುಟ ತಿರುವಿದರು.

“ಸಾಸಿವೆ ಎಣಿಸೋರೂ ಇಷ್ಟು ಅಚ್ಚುಕಟ್ಟಾಗಿ ಎಣಿಸೋದಿಲ್ಲ ಕಣಮ್ಮ. ಒಂದು ವಿಷಯ ಕೇಳ್ತೀನಿ. ತಪ್ಪಿಗೆ ಕಾಲಂ ಇದೆ. ಕೇಳಿಸಿಕೊಂಡವನಿಗೆ ಅರ್ಥ ಆಯ್ತೋ ಇಲ್ಲವೋ ಅನ್ನೋದಕ್ಕೆ ಕಾಲಂ ಎಲ್ಲಿದೆ?”

ನಿಮ್ಮ ಮುನ್ನೂರು ನುಡಿಗಟ್ಟಿನ ಪುಸ್ತಿಕೆಯಲ್ಲೂ ಅದು ಇಲ್ಲವಲ್ಲ ಸರ್ ಎಂದು ನಾನು ಅಂದೆ. ಅಂದ ಮೇಲೆ ಹೆದರಿಕೆಯಾಯಿತು. ಅವರು ನೋಟುಪುಸ್ತಕ ಮುಚ್ಚಿ ವಾಪಸ್ ಕೊಡುತ್ತ, ಇಲ್ಲ, ನಿಜ ಎಂದರು. ಹೊಳೆನರಸೀಪುರದ ರಜಾ ಅರ್ಜಿಯ ಕಥೆ ಅವರಿಗೂ ತಲುಪಿತ್ತು. ಮುಂದಿನ ವರ್ಷದಿಂದ ಪುಸ್ತಿಕೆಯಲ್ಲಿ ಮುನ್ನೂರು ಹೋಗಿ ಅರವತ್ತಾಯಿತು. ಪ್ರತಿಯೊಂದರ ಕೆಳಗೂ ಯಾರು, ಎಲ್ಲಿ, ಯಾವಾಗ ಆಡುವ ಮಾತು ಎಂದು ಎರಡು ಸಾಲು ಬಂತು.

ನಾನು ಹೊಸ ಕಾಲಂ ಎಳೆದೆ. ಆದರೆ ಅದನ್ನು ತುಂಬುವುದು ಹೇಗೆಂದು ಗೊತ್ತಿರಲಿಲ್ಲ. ಗೊತ್ತಿದ್ದವಳು ಸುನಂದಾ. ಮುಂದಿನ ಗುರುವಾರ ಅವಳು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು. ಮೊದಲು ಕ್ಷಮೆ ಕೇಳಿದೆ. ನೀನು ಫೋನಿನಲ್ಲಿ ಇಷ್ಟು ಕಷ್ಟಪಡುತ್ತೀಯ, ನಿಮ್ಮತ್ತೆಗೆ ಕಿವಿ ಮಂದ ಎಂದಿದ್ದೆಯಲ್ಲ, ಮನೆಯಲ್ಲಿ ಅವರ ಜೊತೆ ಹೇಗೆ ಮಾತಾಡುತ್ತೀಯ ಎಂದು ಸುಮ್ಮನೆ ಮಾತಿಗೆ ಕೇಳಿದೆ.

“ಅಯ್ಯೋ, ಅವ್ರತ್ರ ಯಾವ್ದುನ್ನೂ ಎಲ್ಡನೇ ಕಿತ ಅಂಗೇ ಯೇಳಾಕಿಲ್ಲ ಮೇಡಂ. ಮಾತ್ರೆ ತಗಂಡ್ರಾ ಅಂದ್ರೆ, ಯಾವ್ ಯಾತ್ರೆಗೆ ಅಂತಾರೆ. ಮತ್ತೆ ಮಾತ್ರೆ ಮಾತ್ರೆ ಅಂತ ಬಡ್ಕಂಡ್ರೆ ಏನ್ ಬಂತು? ಬಿಳೀದು, ನೀರ್ನಾಗೆ ನುಂಗೋದು ಅಂತೀನಿ. ಆಗ ಗೊತ್ತಾಯ್ತದೆ.”

ಹೇಳಿ ಮುಗಿಸಿದವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ದಿನದಿಂದ ಅಂಗೈ, ಕಾಗದ, ಕನ್ನಡಿ ಎಲ್ಲ ನಿಂತವು. ‘ಟ್ಯಾಬ್ಲೆಟ್ ಹೋಲ್ಡ್’ ಎಂದ ಕೂಡಲೇ ‘ನಾಟ್ ಗಿವನ್’ ಎನ್ನಬೇಕು. ಹ ಜಾರಿ ಓಲ್ಡ್ ಆದರೂ ಹಿಂದೆಯೇ ಬರುವ ಮಾತು ಅದನ್ನು ಎತ್ತಿ ನಿಲ್ಲಿಸುತ್ತದೆ. ಫಿಫ್ಟಿ ಎಂದರೆ ಫಿಫ್ಟೀನ್ ಎಂದು ಕೇಳಿಸುವ ಅಪಾಯವಿದೆ, ಆದ್ದರಿಂದ ಅದರ ಹಿಂದೆಯೇ ಫೈವ್ ಝೀರೋ. ಕೊನೆಗೆ, ನಾನು ಹೇಳಿದ್ದನ್ನು ನೀವು ತಿರುಗಿ ಹೇಳಿ ಎಂದು ಆ ಕಡೆಯವರನ್ನು ಕೇಳಬೇಕು. ಇದು ಸುನಂದಾಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಡಾಕ್ಟರಿಗೆ ವಾಪಸ್ ಒಪ್ಪಿಸಿ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ, ಸೊಕ್ಕು ಎಂದುಕೊಳ್ಳುತ್ತಾರೆ ಎಂದು ಮೂರು ವಾರ ತಕರಾರು ಮಾಡಿದಳು. ತಪ್ಪಾಗಿ ಕೇಳಿಸಿಕೊಂಡರೆ ಮಾತ್ರೆ ನುಂಗುವವನು ಡಾಕ್ಟರಲ್ಲವಲ್ಲ ಎಂದು ನಾನು ಹೇಳಿದ ಮೇಲೆ ತಕರಾರು ನಿಂತಿತು.

ಈ ಹೊತ್ತಿಗೆ ನನ್ನ ಗಂಟಲು ಕೈಕೊಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತಿತ್ತು, ಸಂಜೆಗೆ ಗಾಳಿ ಮಾತ್ರ ಬರುತ್ತಿತ್ತು. ದನಿಯ ತಂತುಗಳ ಮೇಲೆ ಗಂಟುಗಳಾಗಿವೆ, ಎಂಟು ವಾರ ಒಂದು ಮಾತೂ ಆಡಕೂಡದು, ಆಮೇಲೂ ತರಗತಿ ಕೂಡದು ಎಂದು ವೈದ್ಯರು ಹೇಳಿದರು. ಪಿಸುಮಾತೂ ಬೇಡವಂತೆ. ನವೆಂಬರ್ ಕೊನೆಯ ವಾರ ಅದು. ಸುನಂದಾಳ ಮೂರನೇ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಬದಲಿ ಶಿಕ್ಷಕರು ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ದಂಡಿಗನಹಳ್ಳಿಗೆ ಹೋದೆ. ಕೊರಳಿಗೆ ಒಂದು ಸ್ಲೇಟು ಕಟ್ಟಿಕೊಂಡಿದ್ದೆ. ಹೊಲಕ್ಕೆ ಹೊರಟಿದ್ದ ಸುನಂದಾಳ ಗಂಡ ಸ್ಲೇಟು ನೋಡಿ ಏನೂ ಕೇಳದೆ ದಾರಿ ಬಿಟ್ಟ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಸುನಂದಾ ಅಡುಗೆಮನೆಗೆ ಹೋಗಿ ಅಲ್ಲಿಂದ ನನ್ನ ಫೋನಿಗೆ ಕರೆ ಮಾಡಿದಳು. ನಾನು ಅದನ್ನು ಎಲ್ಲರಿಗೂ ಕೇಳುವಂತೆ ಜೋರು ಮಾಡಿ, ಅತ್ತೆಯ ಮುಂದಿಟ್ಟೆ. ಅವಳು ಒಪ್ಪಿಸಿದಳು. ತಪ್ಪಿದಲ್ಲಿ ನಾನು ಬಾಯಿ ಹಾಕುವಂತಿರಲಿಲ್ಲ. ಮೊದಲ ಐದು ನಿಮಿಷ ನನಗೆ ತಡೆಯಲಾಗದ ಸಂಕಟ. ಆಮೇಲೆ ನೋಡಿದರೆ, ನಾನು ಬಾಯಿ ಹಾಕದಿದ್ದರೆ ಅವಳೇ ನಿಂತು, ಹಿಂದೆ ಹೋಗಿ, ಬೇರೆ ಮಾತಿನಲ್ಲಿ ಸರಿಮಾಡಿಕೊಳ್ಳುತ್ತಿದ್ದಳು. ಬೋರೇಗೌಡರ ಬಿ ನೆನಪಾಯಿತು. ನಾನೂ ಸುಮ್ಮನೆ ಬಂದು ಕೂತಿದ್ದೆ, ಮಾತಾಡುವಂತಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಕಾಯಿ ಬಿಟ್ಟು ತಲೆ ಎತ್ತಿದರು. “ಪೈವು ಜೀರೋ ಅಂತಾವ್ಳೆ,” ಎಂದರು ನನಗೆ. “ನಂಗೇ ಕೇಳ್ತು. ಆ ಡಾಕ್ಟ್ರುಗೇನ್ ಕೇಳಾಕಿಲ್ವಾ?”

ಆ ದಿನದ ಬಲಪುಟದಲ್ಲಿ ಹೀಗಿದೆ: ಸುನಂದಾ ಮಾತಾಡಿದ್ದು ನಲವತ್ತು ನಿಮಿಷ. ನಾನು ಮಾತಾಡಿದ್ದು ಸೊನ್ನೆ. ಅರ್ಥವಾದದ್ದು, ಎಲ್ಲ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಒಳ್ಳೆಯ ಪಾಠ ಅದು. ಹೊಸಬರು ಗಂಟಲು ಹೋಗುವವರೆಗೆ ಕಾಯದೆ ಮೊದಲ ತಿಂಗಳಲ್ಲೇ ವಾರಕ್ಕೊಂದು ದಿನ ಬಾಯಿ ಮುಚ್ಚಿ ಕೂತು ನೋಡಬೇಕು.

ಪರೀಕ್ಷೆಯ ದಿನ ಕಟ್ಟಾಯದ ಮನೆಯಲ್ಲಿದ್ದೆ. ಮೂರು ಗಂಟೆಗೆ ಮುಗಿಯಬೇಕಿತ್ತು. ಮೂರೂಕಾಲು, ಮೂರೂವರೆ, ಮೂರೂ ಮುಕ್ಕಾಲು ಎಂದು ಬರೆದುಕೊಂಡು ಕೂತಿದ್ದೆ. ನಾಲ್ಕೂ ಹತ್ತಕ್ಕೆ ಫೋನು ಬಂತು. ಎತ್ತಿದೆ, ಆದರೆ ಹಲೋ ಎನ್ನುವಂತಿರಲಿಲ್ಲ.

“ಮೇಡಂ, ನೀವ್ ಮಾತಾಡ್ಬ್ಯಾಡಿ. ಕೇಳಿಸ್ತಾ ಇದ್ರೆ ಒಂದ್ ಕಿತ ತಟ್ಟಿ.”

ತಟ್ಟಿದೆ. ಅವಳು ನಡೆದದ್ದನ್ನು ಹೇಳಿದಳು. ಆ ಕೋಣೆಯಲ್ಲಿ ಫ್ಯಾನು ಗರಗರ ಎನ್ನುತ್ತಿತ್ತಂತೆ. ಹೋಲ್ಡ್ ಎನ್ನುವಾಗ ಹ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ, ನಾಟ್ ಗಿವನ್ ಎಂದದ್ದು ಮಾತ್ರ ಗೊತ್ತು. ಕೊನೆಯಲ್ಲಿ ತಿರುಗಿ ಹೇಳಿ ಸರ್ ಎಂದು ಕೇಳಿದಳು. ಆಮೇಲೆ ವೈದ್ಯರು ಒಂದೊಂದಾಗಿ ತಿರುಗಿ ಹೇಳುತ್ತ, ಕೆಳಗಿನ ಒತ್ತಡ ಫಿಫ್ಟೀನ್ ಎಂದರು. ಬೇಕೆಂದೇ ಹಾಗೆ ಹೇಳಿದರೋ, ನಿಜವಾಗಿ ಹಾಗೆ ಕೇಳಿಸಿತೋ, ಅದು ಇಂದಿಗೂ ತಿಳಿದಿಲ್ಲ.

“ನಾನು, ನೋ ಸರ್, ಫೈವ್ ಝೀರೋ ಅಂದ್ಬುಟ್ಟೆ ಮೇಡಂ. ಡಾಕ್ಟ್ರುಗೇ ನೋ ಅಂದ್ಬುಟ್ಟೆ.”

ಮುಂದೇನಾಯಿತು ಎಂದು ಕೇಳಲು ನನ್ನಲ್ಲಿ ದನಿ ಇರಲಿಲ್ಲ. ಎರಡು ಸಲ ತಟ್ಟಿದೆ. ಮತ್ತೆ ಎರಡು ಸಲ ತಟ್ಟಿದೆ.

“ಸೆಲೆಕ್ಟ್ ಮೇಡಂ. ತಗಂಡವ್ರೆ. ಜನವರಿ ಒಂದ್ನೇ ತಾರೀಕಿಂದ ವಾರ್ಡ್ ಡ್ಯೂಟಿ.” ಒಂದೇ ಸುದ್ದಿಯನ್ನು ಎರಡು ಮಾತಿನಲ್ಲಿ ಹೇಳಿದ್ದಳು, ನಾನು ತಪ್ಪಾಗಿ ಕೇಳಿಸಿಕೊಳ್ಳದಿರಲಿ ಎಂದು. “ಇನ್ಮ್ಯಾಕೆ ದಿನಾ ಆಸನಕ್ಕೇ ಓಗೋದು.”

ನೋಟುಪುಸ್ತಕ ಮಡಿಲಲ್ಲಿ ತೆರೆದಿತ್ತು, ಪೆನ್ನು ಕೈಯಲ್ಲಿತ್ತು. ಆಸನ ಎಂದಳು, ಓಗೋದು ಎಂದಳು. ಹಳೆಯ ಲೆಕ್ಕದಲ್ಲಾದರೆ ಎರಡು ಗೀಟು. ಎಡಪುಟದಲ್ಲಿ ತಾರೀಕು ಹಾಕಿ, ಅರ್ಥವಾಯಿತು ಎಂಬ ಕಾಲಮ್ಮಿನಲ್ಲಿ ಒಂದು ಗೀಟು ಎಳೆದು, ಪುಸ್ತಕ ಮುಚ್ಚಿದೆ. ಆಮೇಲೆ ಫೋನಿನ ಮೇಲೆ ಒಂದು ಸಲ ತಟ್ಟಿದೆ.